ರಕ್ತಹೀನತೆ ಎಂದರೆ ಕಬ್ಬಿಣಾಂಶದ ಕೊರತೆ ಮಾತ್ರವೇ?

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಗೆ ರಕ್ತದ ಪಾಠ ಮಾಡುತ್ತಿದ್ದೆ. ‘ರಕ್ತಹೀನತೆ = ಕಬ್ಬಿಣಾಂಶದ ಕೊರತೆ’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಸೊಪ್ಪು, ಕಾಳು ತಿನ್ನಬೇಕು ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮಕ್ಕ ದಿನಾ ಸೊಪ್ಪು ತಿಂತಾಳೆ, ಕಬ್ಬಿಣದ ಮಾತ್ರೆನೂ ನುಂಗ್ತಾಳೆ. ಆದ್ರೂ ರಕ್ತ ಕಮ್ಮಿ, ಕಣ್ಣು ಹಳದಿ. ಯಾಕೆ?” ಎಂದಳು. ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳ್ತೀನಮ್ಮ” ಎಂದೆ. ಓದಿಕೊಂಡು ಮರುದಿನ ಮಾಡಿದ ಪಾಠದ ಸಾರ ಇದು.

ರಕ್ತ ಕಡಿಮೆಯಾಗಲು ಮೂರು ದಾರಿಗಳಿವೆ: ಕೆಂಪು ರಕ್ತಕಣಗಳ ತಯಾರಿಕೆ ಕುಗ್ಗುವುದು, ರಕ್ತ ಸೋರಿಹೋಗುವುದು, ಕಣಗಳು ಬೇಗ ಒಡೆಯುವುದು. ಕಬ್ಬಿಣಾಂಶದ ಕೊರತೆ ಮೊದಲನೆಯ ದಾರಿಗೆ ಸೇರಿದ್ದು. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಅದಕ್ಕೆ ಬಹಳ ಮೊದಲೇ ಕಣಗಳು ಒಡೆಯತೊಡಗಿದರೆ ಅಸ್ಥಿಮಜ್ಜೆ ಎಷ್ಟು ತಯಾರಿಸಿದರೂ ಸಾಲದೆ ಹೋಗಬಹುದು. ಒಡೆದ ಕಣದ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದು ಹೆಚ್ಚಾದಾಗ ಕಣ್ಣು ಹಳದಿಯಾಗುತ್ತದೆ. ಯಕೃತ್ತಿನ ತೊಂದರೆಯಿಂದಲೂ ಹೀಗಾಗಬಹುದು. ಆದ್ದರಿಂದ ಪರೀಕ್ಷೆ ಬೇಕು.

ಕಣಗಳ ಆಕಾರ ತೋರಿಸಲು ಜೇಡಿಮಣ್ಣು ಬಳಸಿದೆ. ಉಂಡೆಯನ್ನು ಚಪ್ಪಟೆ ಮಾಡಿ ಎರಡೂ ಬದಿ ಬೆರಳಿನಿಂದ ಒತ್ತಿದರೆ ಆರೋಗ್ಯವಂತ ಕಣ. ಮಕ್ಕಳು ಅದನ್ನು ಉದ್ದಿನವಡೆಯಂತೆ ತೂತಿಟ್ಟು ಬರೆಯುತ್ತಾರೆ. ನಡುವೆ ಇರುವುದು ತಗ್ಗು, ತೂತಲ್ಲ ಎಂದು ತಿದ್ದಬೇಕು. ಒತ್ತದೆ ಬಿಟ್ಟ ಉಂಡೆ ಗೋಲಕಣ. ಇದು ವಂಶಪಾರಂಪರ್ಯವಾಗಿ ಬಂದಿರಬಹುದು, ದೇಹದ ಪ್ರತಿಕಾಯಗಳೇ ಕಣಗಳ ಮೇಲೆ ದಾಳಿ ಮಾಡಿದ್ದರಿಂದಲೂ ಆಗಿರಬಹುದು. ಯಾವುದೆಂದು ತಿಳಿಯಲು ಕೂಂಬ್ಸ್ ಪರೀಕ್ಷೆ ನೆರವಾಗುತ್ತದೆ. ಬಾಗಿ ತುದಿ ಚೂಪಾದದ್ದು ಕುಡುಗೋಲು ಕಣ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದರ ಫಲ. ಹರಿದ ಚೂರುಗಳು ಕಂಡರೆ, ಸಣ್ಣ ರಕ್ತನಾಳಗಳಲ್ಲಿ ಕಟ್ಟಿದ ಹೆಪ್ಪು ಕಣಗಳನ್ನು ಕತ್ತರಿಸುತ್ತಿರಬಹುದು. ಅದು ತುರ್ತು ಸ್ಥಿತಿಯಾಗಿರಬಹುದು.

ಆಕಾರ ಒಂದು ಸುಳಿವು, ತೀರ್ಪಲ್ಲ. ಎಳೆಯ ಕಣಗಳಾದ ರೆಟಿಕ್ಯುಲೊಸೈಟ್‌ಗಳು ಹೆಚ್ಚಿವೆಯೇ, ಬಿಲಿರುಬಿನ್ ಮತ್ತು ಎಲ್‌ಡಿಎಚ್ ಏರಿವೆಯೇ, ಹ್ಯಾಪ್ಟೊಗ್ಲೋಬಿನ್ ಇಳಿದಿದೆಯೇ ಎಂದು ವೈದ್ಯರು ಒಟ್ಟಾಗಿ ನೋಡುತ್ತಾರೆ. ಕುಡುಗೋಲು ಕಣದ ಸಂಶಯವಿದ್ದರೆ ಹಿಮೋಗ್ಲೋಬಿನ್ ಬಗೆಯ ಪರೀಕ್ಷೆಯೂ ಆಗಬೇಕು. ಈ ರೋಗದ ನಿರ್ಮೂಲನೆಗೆ 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ.

ತರಗತಿ ಮುಗಿದ ಮೇಲೆ ಆ ಹುಡುಗಿಯನ್ನು ಕರೆದು, “ಅಕ್ಕನ ಕಾಯಿಲೆ ಯಾವುದೂಂತ ನಾನು ಹೇಳೋಕಾಗಲ್ಲಮ್ಮ. ಆದ್ರೆ ಡಾಕ್ಟರ ಹತ್ರ ಕಣ್ಣು ಹಳದಿ ಇರೋದನ್ನ ಮರೀದೆ ಹೇಳಿ” ಎಂದೆ. ಪಾಠಯೋಜನೆಯಲ್ಲಿದ್ದ ಆ ಸಮೀಕರಣ ಹೊಡೆದುಹಾಕಿ ಹೀಗೆ ಬರೆದುಕೊಂಡಿದ್ದೇನೆ: ‘ರಕ್ತಹೀನತೆ ಒಂದು ಲಕ್ಷಣ, ಕಾರಣ ಹುಡುಕಬೇಕು.’