ಪರದೆಯ ಚಕ್ಕುಬಂದಿ

ಕ್ರಯಪತ್ರವನ್ನು ಬರೆಯುವಾತನು ಆ ಭೂಮಿಯಲ್ಲಿ ಬೆಳೆಯುವುದು ರಾಗಿಯೋ ಕಬ್ಬೋ, ಕೊಳ್ಳುವಾತನು ಅಲ್ಲಿ ಮನೆಯನ್ನು ಕಟ್ಟುವನೋ ತೋಟವನ್ನು ಹಾಕುವನೋ ಎಂಬ ವಿಚಾರಕ್ಕೆ ಹೋಗದೆ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಕೆರೆಯ ಏರಿ ಎಂದು ಚಕ್ಕುಬಂದಿಯನ್ನು ನಮೂದಿಸುವನಷ್ಟೆ. ಗಣಕದ ಪರದೆಯ ಮೇಲೆ ಈ ಬಗೆಯ ಎಲ್ಲೆಗುರುತಿನ ಕೆಲಸವೊಂದನ್ನೇ ಮಾಡಿ, ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲೊಲ್ಲದ ಸಣ್ಣ ಉಪಕರಣವೊಂದು ಲಿನಕ್ಸ್ ಬಳಸುವವರಲ್ಲಿ ಪ್ರಚಾರದಲ್ಲಿದೆ. ಅದರ ಹೆಸರು ಸ್ಲರ್ಪ್. ಟರ್ಮಿನಲ್‌ನಲ್ಲಿ ಆ ಹೆಸರನ್ನು ಬರೆದು ಎಂಟರ್ ಕೀಲಿಯನ್ನು ಒತ್ತಿದೊಡನೆ ಪರದೆಯ ಮೇಲೆಲ್ಲ ನಸುಬಿಳಿಯ ಛಾಯೆಯೊಂದು ಹರಡುವುದು. ಮೌಸಿನ ಗುಂಡಿಯನ್ನು ಒಂದೆಡೆ ಒತ್ತಿ, ಬೇಕಾದಷ್ಟು ದೂರ ಓರೆಯಾಗಿ ಎಳೆದು, ಬೆರಳನ್ನೆತ್ತಿದರೆ ಛಾಯೆಯು ಮಾಯವಾಗಿ ಟರ್ಮಿನಲ್‌ನಲ್ಲಿ ನಾಲ್ಕು ಸಂಖ್ಯೆಗಳು ಮಾತ್ರ ಉಳಿಯುವುವು. ಚಿತ್ರವಿಲ್ಲ, ಕಡತವಿಲ್ಲ, ಮುಗಿಯಿತೆಂಬ ಸಂದೇಶವೂ ಇಲ್ಲ. ಮೊದಲ ಸಲ ನೋಡಿದವರಿಗೆ ಇದು ಅರ್ಧಕ್ಕೆ ನಿಂತ ಕೆಲಸವೆಂದೇ ತೋರದಿರದು.

ಆ ನಾಲ್ಕರಲ್ಲಿ ಮೊದಲನೆಯ ಎರಡು ಆಯತದ ಎಡ ಮೇಲ್ತುದಿಯ ಸ್ಥಾನವನ್ನೂ, ಕಡೆಯ ಎರಡು ಅದರ ಅಗಲ ಎತ್ತರಗಳನ್ನೂ ಸೂಚಿಸುತ್ತವೆ: 240,310 ಎಂದೂ, 900 ಮತ್ತು 420 ಎಂದೂ ಬಂದರೆ, ಎಡ ಅಂಚಿನಿಂದ 240, ಮೇಲಿನ ಅಂಚಿನಿಂದ 310 ಬಿಂದುಗಳಾಚೆ ಆಯತವು ಆರಂಭವಾಯಿತೆಂದು ಅರ್ಥ. ಶಾಲೆಯ ಗ್ರಾಫ್ ಹಾಳೆಯಲ್ಲಿ ಸಂಖ್ಯೆಯು ಮೇಲೇರಿದಂತೆಲ್ಲ ಬೆಳೆಯುತ್ತದೆ. ಪರದೆಯ ಮೇಲಾದರೋ ಕೆಳಗಿಳಿದಂತೆಲ್ಲ ಬೆಳೆಯುತ್ತದೆ. ಹಳೆಯ ಗಾಜಿನ ಕೊಳವೆಯ ಪರದೆಗಳಲ್ಲಿ ಎಲೆಕ್ಟ್ರಾನ್ ಕಿರಣವು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಚಲಿಸುತ್ತಿದ್ದುದರ ಗುರುತು, ಆ ಕೊಳವೆಗಳು ಗುಜರಿ ಸೇರಿದ ಮೇಲೂ, ಹೀಗೆ ಉಳಿದುಬಂದಿದೆ.

ಕೈ ಎಳೆದಂತೆ ಪರದೆಯ ಮೇಲೆ ಹಿಗ್ಗುವ ರೇಖೆಯು ಹೊಸತೇನಲ್ಲ. 1963ರಲ್ಲಿ ಐವನ್ ಸದರ್ಲೆಂಡರು ತಮ್ಮ ಸ್ಕೆಚ್‌ಪ್ಯಾಡಿನಲ್ಲಿ ಬೆಳಕಿನ ಲೇಖನಿಯ ಮೂಲಕ ಅದನ್ನು ಸಾಧಿಸಿ ತೋರಿಸಿದ್ದರು. ಮುಂದೆ 1984ರಲ್ಲಿ ಎಂ.ಐ.ಟಿ.ಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯ ಕಾಲದಲ್ಲಿ ಈ ಆಯತವನ್ನು ಬರೆಯುತ್ತಿದ್ದ ಉಪಾಯವು ನನಗೆ ಇಂದಿಗೂ ಅತ್ಯಂತ ರಮಣೀಯವೆನಿಸುತ್ತದೆ. ರೇಖೆಯನ್ನು ಯಾವುದೋ ಒಂದು ಬಣ್ಣದಿಂದ ಬಳಿಯುವುದಕ್ಕೆ ಬದಲಾಗಿ, ರೇಖೆಯು ಹಾಯುವ ದಾರಿಯ ಬಿಂದುಗಳನ್ನೆಲ್ಲ ವಿಪರ್ಯಾಸಗೊಳಿಸುವುದು, ಎಂದರೆ ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ತಿರುಗಿಸುವುದು. ಬಳಿಕ ಅದೇ ರೇಖೆಯನ್ನು ಅದೇ ದಾರಿಯಲ್ಲಿ ಮತ್ತೊಮ್ಮೆ ಎಳೆದರೆ ವಿಪರ್ಯಾಸದ ವಿಪರ್ಯಾಸವಾಗಿ ಹಿಂದಿನ ಚಿತ್ರವೇ ಕಲೆಯಿಲ್ಲದೆ ಮರಳಿ ಬರುವುದು. ಅಳಿಸುವುದಕ್ಕೆಂದು ಪ್ರತ್ಯೇಕ ಕ್ರಿಯೆಯೇ ಬೇಕಿಲ್ಲ. ಅಡಿಯಲ್ಲಿದ್ದುದೇನೆಂದು ನೆನಪಿಟ್ಟುಕೊಳ್ಳುವ ಭಾರವೂ ಇಲ್ಲ. ತೊಡಕೊಂದಿತ್ತು. ಎರಡು ಎಳೆತಗಳ ನಡುವೆ ಬೇರೊಂದು ತಂತ್ರಾಂಶವು ಅದೇ ಸ್ಥಳದಲ್ಲಿ ಏನನ್ನಾದರೂ ಬರೆದುಬಿಟ್ಟರೆ ಮುರಿದ ಗೆರೆಗಳು ಪರದೆಯ ಮೇಲೆ ಉಳಿದುಬಿಡುತ್ತಿದ್ದವು. ಆದುದರಿಂದ ಆಯ್ಕೆ ಮುಗಿಯುವ ತನಕ ಉಳಿದೆಲ್ಲ ತಂತ್ರಾಂಶಗಳ ಚಿತ್ರಣವನ್ನು ಸ್ತಂಭನಗೊಳಿಸುವ ಪದ್ಧತಿಯೂ ಇದ್ದಿತು. ಒಬ್ಬನು ಆಯತವನ್ನೆಳೆಯುವಷ್ಟು ಹೊತ್ತು ಗಡಿಯಾರದ ಮುಳ್ಳೂ ನಿಲ್ಲಬೇಕು!

2008ರಲ್ಲಿ ಕ್ರಿಸ್ಟಿಯಾನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್ ಎಂಬ ಪರದೆ-ವ್ಯವಸ್ಥೆಯು ಎಕ್ಸ್‌ನ ಉದಾರತೆಯನ್ನು ದೋಷವೆಂದು ಬಗೆಯಿತು. ಅದು ಸರಿಯೂ ಹೌದು. ಎಕ್ಸ್‌ನಲ್ಲಿ ಯಾವ ತಂತ್ರಾಂಶವಾದರೂ ಮಿಕ್ಕವುಗಳ ಕಿಟಕಿಯೊಳಗೆ ಇಣುಕಬಹುದಾಗಿತ್ತು, ಪಕ್ಕದ ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಆಲಿಸಲೂಬಹುದಾಗಿತ್ತು. ವೇಲ್ಯಾಂಡಿನಲ್ಲಾದರೋ ಸಾಮಾನ್ಯ ತಂತ್ರಾಂಶಕ್ಕೆ ತಾನು ಪರದೆಯ ಯಾವ ಮೂಲೆಯಲ್ಲಿರುವೆನೆಂಬುದೇ ತಿಳಿಯದು. ಇಂತಹ ಸಂಯಮದ ರಾಜ್ಯದಲ್ಲಿ ಸ್ಲರ್ಪ್ ಅನುಸರಿಸುವ ಮಾರ್ಗ ಇದು: ಪರದೆಯ ಮೇಲಾಡಳಿತವನ್ನು ವಹಿಸಿರುವ ಕಂಪೋಸಿಟರನ್ನು ಕೇಳಿಕೊಂಡು, ಎಲ್ಲ ಕಿಟಕಿಗಳ ಮೇಲೆ ತನ್ನದೇ ಆದ ಪಾರದರ್ಶಕ ಪದರವೊಂದನ್ನು ಹಾಸಿ, ನಾವು ಆ ಪದರದ ಮೇಲೆ ಎಳೆದ ಆಯತದ ಅಳತೆಯನ್ನಷ್ಟೇ ಅದು ಗ್ರಹಿಸುವುದು. ಅಡಿಯಲ್ಲಿರುವುದು ಬ್ಯಾಂಕಿನ ಲೆಕ್ಕವೋ ಪ್ರೇಮಪತ್ರವೋ ಅದಕ್ಕೆ ಕಾಣಿಸದು. ಇಂತಹ ಪದರಕ್ಕೆ ಸ್ವೇ, ಹೈಪರ್‌ಲ್ಯಾಂಡ್ ಮೊದಲಾದ ಕಂಪೋಸಿಟರುಗಳು ಸಮ್ಮತಿಯನ್ನೀಯುವುವು. ಗ್ನೋಮ್ ಈಯದಾದ್ದರಿಂದ ಅಲ್ಲಿ ಸ್ಲರ್ಪ್ ನಿರುಪಯೋಗಿ.

ಅರ್ಧಕ್ಕೆ ನಿಂತಂತೆ ತೋರಿದ ಈ ಗುಣವೇ ಅದರ ದೊಡ್ಡ ಗುಣವೆಂದು ನಾನು ಬಲ್ಲೆ. ಒಂದು ಉಪಕರಣದ ಉತ್ಪನ್ನವನ್ನು ಮತ್ತೊಂದರ ಬಾಯಿಗೆ ನೇರವಾಗಿ ಹರಿಸಬೇಕೆಂಬ ಡಗ್ಲಸ್ ಮೆಕಿಲ್‌ರಾಯ್ ಅವರ ಬಹುಕಾಲದ ಆಗ್ರಹವು 1973ರಲ್ಲಿ ಬೆಲ್ ಲ್ಯಾಬ್ಸಿನ ಯೂನಿಕ್ಸಿಗೆ ಪೈಪುಗಳಾಗಿ ಬಂದಿತು. ಸ್ಲರ್ಪ್ ಆ ವಂಶದ್ದೇ. ಅದು ಉಸುರಿದ ನಾಲ್ಕು ಸಂಖ್ಯೆಗಳನ್ನು ಪರದೆಯ ಚಿತ್ರ ತೆಗೆಯುವ ಗ್ರಿಮ್ ಎಂಬ ಉಪಕರಣಕ್ಕೆ ಕೊಟ್ಟರೆ ಆ ಭಾಗದ ಛಾಯಾಚಿತ್ರವಾಗುವುದು. ಡಬ್ಲ್ಯೂಎಫ್-ರೆಕಾರ್ಡರ್ ಎಂಬುದಕ್ಕೆ ಕೊಟ್ಟರೆ ಚಲಚ್ಚಿತ್ರವಾಗುವುದು. ನಡುವೆ ಮನಸ್ಸು ಬದಲಾಗಿ ಎಸ್ಕೇಪ್ ಕೀಲಿಯನ್ನೊತ್ತಿದರೆ ಸಂಖ್ಯೆಗಳು ಹೊರಬೀಳವು. ಬರಿಗೈಯಲ್ಲಿ ನಿಂತ ಗ್ರಿಮ್ ಕ್ಷೇತ್ರವು ಅಸಿಂಧುವೆಂದು ಹೇಳಿ ಸುಮ್ಮನಾಗುವುದೇ ಹೊರತು, ಊಹೆಗಿಳಿದು ಇಡೀ ಪರದೆಯನ್ನು ಸೆರೆಹಿಡಿಯುವ ಅಧಿಕಪ್ರಸಂಗಕ್ಕೆ ಕೈಹಾಕದು.

ಕನ್ನಡಿಗನಿಗೆ ಇದರ ವಿಶೇಷ ಪ್ರಯೋಜನವು ಟೆಸರಾಕ್ಟ್ ಎಂಬ ಅಕ್ಷರಗ್ರಾಹಿ ತಂತ್ರಾಂಶದ ಸಹವಾಸದಲ್ಲಿದೆ. 1985ರಲ್ಲಿ ಎಚ್‌ಪಿ ಸಂಸ್ಥೆಯಲ್ಲಿ ಆರಂಭವಾಗಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಇದು ಕನ್ನಡವನ್ನೂ ಓದಬಲ್ಲದು. ಸ್ಕ್ಯಾನ್ ಮಾಡಿಟ್ಟ ಹಳೆಯ ಕನ್ನಡ ಗ್ರಂಥಗಳು ಗಣಕಕ್ಕೆ ಬರಿಯ ಚಿತ್ರಗಳೇ ಆಗಿರುವಲ್ಲಿ, ಬೇಕಾದ ಪರಿಚ್ಛೇದದ ಸುತ್ತ ಆಯತವನ್ನೆಳೆದು, ಸ್ಲರ್ಪ್, ಗ್ರಿಮ್, ಟೆಸರಾಕ್ಟ್‌ಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದರೆ ಆ ಪರಿಚ್ಛೇದವು ತಿದ್ದಲು ಬರುವ ಅಕ್ಷರಗಳಾಗಿ ಟರ್ಮಿನಲ್‌ಗೆ ಇಳಿಯುವುದು. ತಪ್ಪುಗಳು ಇರುತ್ತವೆ, ಮಾಸಿದ ಅಚ್ಚಿನಲ್ಲಿ ಇನ್ನೂ ಹೆಚ್ಚು. ಆಯತವನ್ನು ಎಳೆಯುವಾಗ ಕೆಳಗಿನ ಅಂಚಿನಲ್ಲಿ ಜಿಪುಣತನವು ಸಲ್ಲದು: ಇಂಗ್ಲಿಷಿನ ಸಾಲಿಗೆ ಸಾಲುವಷ್ಟು ಜಾಗವು ನಮ್ಮ ಸಾಲಿಗೆ ಸಾಲದು, ಕಡೆಯ ಪಂಕ್ತಿಯ ಒತ್ತಕ್ಷರಗಳು ಎಲ್ಲೆಯ ಆಚೆಗುಳಿದರೆ ‘ಅಕ್ಕ’ ಎಂಬುದು ‘ಅಕ’ ಎಂದಾಗಿ ಬರುವ ಸಂಭವವುಂಟು.