ಇಳಿಜಾರಿನಲ್ಲಿ ಮನೆ ಕಟ್ಟುವ ಮೊದಲು



ಸ್ವಂತ ಮನೆ ನಮ್ಮೆಲ್ಲರ ಆಸೆ. ಸಂಘದ ಸಾಲ, ಕೂಡಿಟ್ಟ ಹಣ, ಕೆಲವೊಮ್ಮೆ ಕಿವಿಯ ಓಲೆಯೂ ಅದಕ್ಕೆ ಹೋಗುತ್ತದೆ. ಕೊಡಗು, ಮಲೆನಾಡಿನ ಕಡೆ ಸಮತಟ್ಟಾದ ಜಾಗ ಸಿಗುವುದು ಕಷ್ಟ. ಇಳಿಜಾರಿನಲ್ಲೇ ಕಟ್ಟಬೇಕಾಗುತ್ತದೆ. ಕಟ್ಟೋಣ. ಆದರೆ ತಿಳಿದು ಕಟ್ಟೋಣ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಭಾರಿ ಮಳೆ ಬಂತು. ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದವು. ಜನ ಸತ್ತರು. ಎಷ್ಟೋ ಮನೆಗಳು ಹಾಳಾದವು. ಇದಕ್ಕೆ ಮಳೆ ಒಂದೇ ಕಾರಣವಲ್ಲ. ರಸ್ತೆಗೆ, ಮನೆಗೆ ಅಂತ ಗುಡ್ಡ ಕಡಿದದ್ದೂ ಒಂದು ಕಾರಣ.

ಗುಡ್ಡ ಕಡಿದರೆ ಏನಾಗುತ್ತದೆ?

ಮೇಲಿನ ಮಣ್ಣಿಗೆ ಕೆಳಗಿನ ಮಣ್ಣೇ ಆಸರೆ. ಬುಡ ಕಡಿದರೆ ಆ ಆಸರೆ ಹೋಯಿತು. ಮಳೆ ನೀರು ಕುಡಿದ ಮಣ್ಣು ಭಾರವಾಗುತ್ತದೆ. ಅದರ ಹಿಡಿತ ಸಡಿಲವಾಗುತ್ತದೆ. ಆಗ ಬರೆ ಕುಸಿಯುತ್ತದೆ.

ಮೊದಲು ಅಳೆಯೋಣ

ಉದ್ದದ ತಿಳಿ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ. ಒಳಗೆ ಗಾಳಿಗುಳ್ಳೆ ಇರಬಾರದು. ಜಾಗದ ಮೇಲ್ತುದಿಯಲ್ಲಿ ಒಂದು ಕೋಲು, ಕೆಳತುದಿಯಲ್ಲಿ ಒಂದು ಕೋಲು ನೆಡಿ. ಪೈಪಿನ ಎರಡು ತುದಿಗಳನ್ನು ಕೋಲುಗಳಿಗೆ ಹಿಡಿಯಿರಿ. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲದವರೆಗೆ ಅಳೆಯಿರಿ. ಮೇಲೆ 1 ಅಡಿ, ಕೆಳಗೆ 9 ಅಡಿ ಬಂದರೆ, ಜಾಗದ ಇಳಿತ 8 ಅಡಿ.

ಮೆಟ್ಟಿಲಿನ ಹಾಗೆ ಕಟ್ಟಿ

ಜಾಗದ ಉದ್ದ 40 ಅಡಿ, ಇಳಿತ 8 ಅಡಿ ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಕಡಿದು ಒಂದೇ ಮಟ್ಟ ಮಾಡಿದರೆ ಮನೆ ಹಿಂದೆ 8 ಅಡಿ ಬರೆ ನಿಲ್ಲುತ್ತದೆ. 20 ಅಡಿಗೊಂದರಂತೆ ಎರಡು ಮಟ್ಟ ಮಾಡಿದರೆ? ಒಂದೊಂದು ಬರೆ 4 ಅಡಿ ಮಾತ್ರ. ತೆಗೆಯುವ ಮಣ್ಣೂ ಅರ್ಧ. ಜೆಸಿಬಿ ಬಾಡಿಗೆಯೂ ಉಳಿಯುತ್ತದೆ.

ಎರಡು ಮಟ್ಟಗಳ ನಡುವೆ ಅರ್ಧ ಅಡಿಯ 8 ಮೆಟ್ಟಿಲು ಬೇಕು. ವಯಸ್ಸಾದ ಅತ್ತೆ ಇದ್ದರೆ ಅವರ ಕೋಣೆ, ಅಡಿಗೆಮನೆ, ಬಚ್ಚಲು ಒಂದೇ ಮಟ್ಟದಲ್ಲಿರಲಿ. ತೆಗೆದು ಸುರಿದ ಸಡಿಲ ಮಣ್ಣಿನ ಮೇಲೆ ಪಾಯ ಹಾಕಬೇಡಿ. ಅದು ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ಪಾಯ ಗಟ್ಟಿ ನೆಲಕ್ಕೆ ಇಳಿಯಬೇಕು.

ಗಾಡಿ ಎಲ್ಲಿ ನಿಲ್ಲಬೇಕು?

ಆಟೋ, ಜೀಪು, ಕಾರಿನ ಶೆಡ್ಡು ರಸ್ತೆಯ ಪಕ್ಕದಲ್ಲೇ ಇರಲಿ. ಯಾಕೆ ಗೊತ್ತಾ? ಗಾಡಿ 1 ಅಡಿ ಏರಲು ಸುಮಾರು 8ರಿಂದ 10 ಅಡಿ ಉದ್ದದ ದಾರಿ ಬೇಕು. 4 ಅಡಿ ಏರಲು 32ರಿಂದ 40 ಅಡಿ! ಅಷ್ಟು ಜಾಗ ಎಲ್ಲಿದೆ? ರಸ್ತೆ ಕೆಳಗಿದ್ದರೆ ಶೆಡ್ಡು ಕೆಳಗೆ, ರಸ್ತೆ ಮೇಲಿದ್ದರೆ ಶೆಡ್ಡು ಮೇಲೆ. ಮೇಲಿದ್ದರೆ ರಸ್ತೆಯ ನೀರು ಒಳಗೆ ನುಗ್ಗದಂತೆ ಬಾಗಿಲಲ್ಲಿ ಅಡ್ಡ ಚರಂಡಿ ಮಾಡಿಸಿ. ಶೆಡ್ಡು ಮುಚ್ಚಿಕೊಂಡು ಇಂಜಿನ್ ಚಾಲೂ ಇಡಬೇಡಿ. ಆ ಹೊಗೆ ಪ್ರಾಣ ತೆಗೆಯುತ್ತದೆ.

ನೀರಿಗೆ ದಾರಿ ಕೊಡಿ

ಮನೆಯ ಮೇಲ್ಬದಿಗೆ ಚರಂಡಿ ತೆಗೆದು, ನೀರನ್ನು ಬದಿಯಿಂದ ಹಳ್ಳಕ್ಕೆ ಸಾಗಿಸಿ. ನೆರೆಯವರ ಅಂಗಳಕ್ಕೆ ಬಿಡಬೇಡಿ. ತಡೆಗೋಡೆಯ ಹಿಂದೆ ಜಲ್ಲಿ ತುಂಬಿಸಿ. ನೀರು ಹೊರಬರಲು ಗೋಡೆಯಲ್ಲಿ ಪೈಪು ಇಡಿಸಿ. ಇಲ್ಲದಿದ್ದರೆ ಒಳಗೆ ನಿಂತ ನೀರು ಗೋಡೆಯನ್ನೇ ದಬ್ಬುತ್ತದೆ. ಎತ್ತರದ ತಡೆಗೋಡೆಯನ್ನು ಇಂಜಿನಿಯರ್ ಅವರನ್ನು ಕೇಳದೆ ಕಟ್ಟಿಸಬೇಡಿ. ಶೌಚಾಲಯದ ಗುಂಡಿ ಬಾವಿಗಿಂತ ಕೆಳಬದಿಗೆ, ಕನಿಷ್ಠ 60 ಅಡಿ ದೂರದಲ್ಲಿರಲಿ.

ಈ ಗುರುತು ಕಂಡರೆ ಎಚ್ಚರ

ನೆಲದಲ್ಲಿ ಹೊಸ ಬಿರುಕು. ವಾಲಿದ ಮರ, ಕಂಬ. ಬರೆಯಿಂದ ಹೊಸದಾಗಿ ಒಸರುವ ಕೆಸರು ನೀರು. ಇದ್ದಕ್ಕಿದ್ದಂತೆ ಬಿಗಿಯಾಗುವ ಬಾಗಿಲು. ಮಳೆಗಾಲದಲ್ಲಿ ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಮಕ್ಕಳು, ಮುದುಕರನ್ನು ಕರೆದುಕೊಂಡು ಹೊರಡಿ. 112ಕ್ಕೆ ಫೋನ್ ಮಾಡಿ. ಪಾತ್ರೆ ಪಗಡೆ ಆಮೇಲೆ.

ಮೇಸ್ತ್ರಿ ದಾರ ಕಟ್ಟುವ ದಿನ ನೀವೂ ಅಲ್ಲಿರಿ. "ಹೆಂಗಸರಿಗೆ ಇದೆಲ್ಲ ಯಾಕೆ?" ಅಂದಾರು. ಆ ಬರೆಯ ಕೆಳಗೆ ದಿನವಿಡೀ ಇರುವವರು ನಾವೇ ಅಲ್ಲವೇ? ಪಂಚಾಯಿತಿಯ ಅನುಮತಿ ಪತ್ರ ಓದಿ. ಅಳತೆಗಳನ್ನು ನಿಮ್ಮ ಕೈಯಿಂದಲೇ ಬರೆದಿಡಿ. ಈಗ ನಿಮಗೆ ಓದು, ಬರಹ, ಲೆಕ್ಕ ಬರುತ್ತದೆ. ಕೇಳಿ. ಕೇಳಿ ತಿಳಿದು ಕಟ್ಟಿ.

ಅಭ್ಯಾಸ: ನಿಮ್ಮ ಮನೆಯ ಮೇಲ್ಬದಿಯ ನೀರು ಎಲ್ಲಿಗೆ ಹೋಗುತ್ತದೆ? ನೋಡಿ ಬಂದು ಎರಡು ಸಾಲು ಬರೆಯಿರಿ.