ಹಾಯಿದೋಣಿಯ ಎಂಜಿನ್ನಿನ ತಾಪಪರೀಕ್ಷೆ

ಬ್ರಿಟನ್ನಿಗೂ ಫ್ರಾನ್ಸಿಗೂ ನಡುವಣ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಗಾಳಿಯನ್ನೇ ನಂಬಿ ಹೊರಟ ಹಾಯಿದೋಣಿಯನ್ನು ಆ ಗಾಳಿಯೇ ಕೈಬಿಟ್ಟಿತೆಂದರೆ, ಅದರ ಒಡಲಲ್ಲಿ ಅಡಗಿರುವ ಪುಟ್ಟ ಡೀಸೆಲ್ ಎಂಜಿನ್ನೇ ಉಳಿದ ಆಧಾರ. ಫ್ರಾನ್ಸಿನ ಸೇಂಟ್ ಮಾಲೋ ಬಂದರಿನ ಬಳಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಸುಮಾರು 12 ಮೀಟರುಗಳಷ್ಟು ಏರಿ ಇಳಿಯುವುದುಂಟು. ಅಂಥ ಸೆಳವಿನಲ್ಲಿ ಎಂಜಿನ್ ನಿಂತ ದೋಣಿ ಬಂಡೆಗಳತ್ತ ಸಾಗಲು ಬಹಳ ಹೊತ್ತು ಬೇಡ. ಆದುದರಿಂದಲೇ ತಾಪಮಾಪಕದ ಮುಳ್ಳು ಮೇಲೇರತೊಡಗಿದಾಗ ನಾವಿಕನು ಕಳವಳಗೊಳ್ಳುವುದು ಸಹಜ. ಆ ಮುಳ್ಳನ್ನು ಅಲಕ್ಷಿಸುವುದೂ ಅಪಾಯ, ಕಣ್ಮುಚ್ಚಿ ನಂಬುವುದೂ ಅಪಾಯ; ಎಂಜಿನ್ನಿನ ಉಷ್ಣವು ಯಾವ ದಾರಿಯಿಂದ ಹೊರಬೀಳುತ್ತದೆಂಬುದನ್ನು ಬಲ್ಲವನಿಗೇ ಅದರ ಮಾತು ಅರ್ಥವಾಗತಕ್ಕದ್ದು.

ರುಡಾಲ್ಫ್ ಡೀಸೆಲನು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಸಿದ್ಧಪಡಿಸಿ ತೋರಿದ ಯಂತ್ರದ ಮರ್ಮ, ಕಿಡಿಯ ಹಂಗಿಲ್ಲದೆ, ಬಲವಾಗಿ ಒತ್ತಿದ ಗಾಳಿಯ ಬಿಸಿಯಿಂದಲೇ ಇಂಧನವನ್ನು ಹೊತ್ತಿಸುವುದು. ಹೀಗೆ ಹುಟ್ಟುವ ಶಕ್ತಿಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ದೋಣಿಯನ್ನು ನಡೆಸುತ್ತದೆ. ಮಿಕ್ಕುದರಲ್ಲಿ ಬಹುಭಾಗವನ್ನು ಹೊಗೆಯೂ ತಂಪುನೀರೂ ಹಂಚಿಕೊಂಡು ಹೊರಗೆ ಸಾಗಿಸುತ್ತವೆ. ಕೆಲವು ಎಂಜಿನ್ನುಗಳಲ್ಲಿ ಕಡಲ ನೀರೇ ನೇರವಾಗಿ ಒಳಗೆ ಹರಿಯುತ್ತದೆ. ಅಲ್ಲಿ ತಾಪವು 60 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸನ್ನು ಮೀರಿದರೆ ಲವಣಗಳು ಗಟ್ಟಿಯಾಗಿ ನಾಳಗಳ ಒಳಗೋಡೆಗೆ ಅಂಟಿಕೊಳ್ಳುತ್ತವೆ. ಮತ್ತೆ ಕೆಲವುಗಳಲ್ಲಿ ಸಿಹಿನೀರು ಎಂಜಿನ್ನಿನೊಳಗೇ ಸುತ್ತುತ್ತ, ಹೀಟ್ ಎಕ್ಸ್‌ಚೇಂಜರಿನಲ್ಲಿ ತನ್ನ ಬಿಸಿಯನ್ನು ಕಡಲ ನೀರಿಗೆ ಒಪ್ಪಿಸುತ್ತದೆ. ಇವು 80 ಡಿಗ್ರಿಯ ಸುಮಾರಿನಲ್ಲಿ ಸುಖವಾಗಿ ನಡೆಯುತ್ತವೆ. ಒಂದಕ್ಕೆ ಆರೋಗ್ಯವೆನಿಸುವ ಅಂಕಿ ಇನ್ನೊಂದಕ್ಕೆ ಜ್ವರ; ತನ್ನದು ಯಾವ ಜಾತಿಯ ಎಂಜಿನ್ ಎಂಬುದನ್ನು ಅರಿಯುವುದೇ ಪರೀಕ್ಷೆಯ ಮೊದಲ ಪಾಠ.

ಅನಂತರ ಮಾಪಕವನ್ನೇ ಪರೀಕ್ಷಿಸಬೇಕು. ತಣ್ಣಗಿರುವ ಎಂಜಿನ್ನಿನ ಬೀಗದಕೈಯನ್ನು ತಿರುಗಿಸಿದೊಡನೆಯೇ ಮುಳ್ಳು ತುದಿಗೆ ಹಾರಿದರೆ ದೋಷವು ಸಾಮಾನ್ಯವಾಗಿ ತಂತಿಯದೋ ಸೆನ್ಸರಿನದೋ ಹೊರತು ಎಂಜಿನ್ನಿನದಲ್ಲ. ಸೋಂಕದೆ ತಾಪವನ್ನಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು, ತಾಪಕ್ಕೆ ತಕ್ಕಂತೆ ತಂಪುನೀರಿನ ದಾರಿಯನ್ನು ತೆರೆದು ಮುಚ್ಚುವ ಥರ್ಮೋಸ್ಟಾಟಿನ ಕವಚದತ್ತ ಹಿಡಿದು ಎರಡು ಅಂಕಿಗಳನ್ನೂ ಹೋಲಿಸಬಹುದು. ಆದರೆ ಹೊಳೆಯುವ ಲೋಹವು ಅದಕ್ಕೆ ತನ್ನ ನಿಜತಾಪಕ್ಕಿಂತ ಕಡಿಮೆಯನ್ನು ತೋರುವುದರಿಂದ, ಅಲ್ಲಿ ಕರಿಯ ಟೇಪಿನ ತುಂಡೊಂದನ್ನು ಅಂಟಿಸಿ ಅಳೆಯುವುದು ಕ್ಷೇಮ.

ತಾಪವು ನಿಜವಾಗಿಯೂ ಏರಿದೆಯೆಂದು ಖಚಿತವಾದರೆ ಕಡಲ ನೀರಿನ ಹಾದಿಯನ್ನು ಹಿಡಿಯಬೇಕು. ದೋಣಿಯ ಹಿಂಬದಿಯಲ್ಲಿ ಹೊಗೆಯೊಡನೆ ಬೀಳುವ ನೀರು ಕ್ಷೀಣಿಸಿ ಆವಿ ಹೆಚ್ಚಿದ್ದರೆ, ಒಳಬರುವ ಬಾಯಿಯನ್ನು ಪಾಚಿ ಮುಚ್ಚಿರಬಹುದು, ಜರಡಿ ಕಟ್ಟಿರಬಹುದು, ಇಲ್ಲವೆ ಪಂಪಿನ ರಬ್ಬರ್ ಇಂಪೆಲರಿನ ಎಸಳುಗಳು ಮುರಿದಿರಬಹುದು. ಮುರಿದ ಚೂರುಗಳನ್ನೆಲ್ಲ ಹುಡುಕಿ ತೆಗೆಯದೆ ಹೊಸದನ್ನು ಹಾಕಿದರೆ ಅವು ಮುಂದಿನ ನಾಳದಲ್ಲಿ ಸಿಕ್ಕಿ ಅದೇ ಕಾಯಿಲೆಯನ್ನು ಮರಳಿ ತರುತ್ತವೆ. ನೀರು ಧಾರಾಳವಾಗಿ ಹರಿದೂ ಬಿಸಿಯಾಗದೆ ಹೊರಬೀಳುತ್ತಿದ್ದು, ಎಂಜಿನ್ ಮಾತ್ರ ಕುದಿಯುತ್ತಿದ್ದರೆ, ಎಕ್ಸ್‌ಚೇಂಜರಿನಲ್ಲಿ ಕಟ್ಟಿದ ಲವಣದ ಪದರವನ್ನೋ ಸಿಹಿನೀರಿನ ಸುತ್ತಾಟದ ಲೋಪವನ್ನೋ ಶಂಕಿಸಬೇಕು. ವೇಗವನ್ನು ಹೆಚ್ಚಿಸಿದಾಗ ಮಾತ್ರ ಬಿಸಿಯೇರುವುದಾದರೆ ನಾಳಗಳು ಕಿರಿದಾಗಿರಬಹುದು, ಅಥವಾ ದೋಣಿಯ ತಳಕ್ಕೂ ಪ್ರೊಪೆಲರಿಗೂ ಚಿಪ್ಪುಜೀವಿಗಳು ಅಂಟಿ ಎಂಜಿನ್ನಿಗೆ ಹೊರೆಯಾಗಿರಬಹುದು. ಎಷ್ಟೇ ಆತುರವಿದ್ದರೂ ಬಿಸಿಯಾದ ಎಂಜಿನ್ನಿನ ನೀರಿನ ಮುಚ್ಚಳವನ್ನು ತೆರೆಯಲಾಗದು. ಒಳಗೆ ಒತ್ತಡದಲ್ಲಿರುವ ನೀರು ಚಿಮ್ಮಿ ಮುಖವನ್ನೇ ಸುಟ್ಟೀತು.

ಅತಿಶೈತ್ಯವೂ ದೋಷವೇ. ತೆರೆದಂತೆಯೇ ಉಳಿದ ಥರ್ಮೋಸ್ಟಾಟು ಎಂಜಿನ್ನನ್ನು ಬಿಸಿಯಾಗಗೊಡದು. ಇಂಧನವು ಅರೆಬರೆ ಉರಿದು ಮಸಿ ಕಟ್ಟುತ್ತದೆ. ಥರ್ಮೋಸ್ಟಾಟಿನ ಪರೀಕ್ಷೆಗೆ ದೋಣಿಯ ಅಡುಗೆಯೊಲೆಯೇ ಸಾಕು: ಪಾತ್ರೆಯ ನೀರಿನಲ್ಲಿ ಅದನ್ನು ತೂಗುಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರನ್ನಿರಿಸಿ ಕಾಯಿಸಿದರೆ, ಅದು ಎಷ್ಟು ಡಿಗ್ರಿಗೆ ಬಾಯಿ ತೆರೆಯುತ್ತದೆಂಬುದು ಕಣ್ಣಿಗೇ ಕಾಣುತ್ತದೆ.

ಇವೆಲ್ಲಕ್ಕೂ ತಳಹದಿಯಾಗಿ ಬೇಕಾದುದು ಎಂಜಿನ್ ಸ್ವಸ್ಥವಾಗಿದ್ದ ದಿನದ ನೆನಪು. ಪ್ರಶಾಂತವಾದ ಒಂದು ಮುಂಜಾನೆ, ನಿಯತವೇಗದಲ್ಲಿ ಅರ್ಧಗಂಟೆ ಸಾಗಿದ ಮೇಲೆ, ಥರ್ಮೋಸ್ಟಾಟಿನ ಕವಚ, ಎಕ್ಸ್‌ಚೇಂಜರಿನ ಎರಡೂ ತುದಿ, ಹೊರಬೀಳುವ ನೀರು, ಇಷ್ಟರ ತಾಪವನ್ನೂ ದಿನಚರಿಯಲ್ಲಿ ಬರೆದಿಟ್ಟ ನಾವಿಕನಿಗೆ, ಗಾಳಿ ಬಿದ್ದ ಸಂಜೆ ಮುಳ್ಳು ಎರಡು ಗೆರೆ ಏರಿದರೂ, ಎಲ್ಲಿಂದ ಹುಡುಕಬೇಕೆಂಬುದು ಆ ಪುಟದಲ್ಲಿಯೇ ದೊರೆಯುತ್ತದೆ.